ನೆಂಟರು ಹೊರಡುವ ತನಕ ನಾಯಿಯ ಕೋಣೆಯಲ್ಲಿ

“ನನ್ನ ಮುಖ ನೋಡಿ ಮಾತಾಡಮ್ಮ! ಪಕ್ಕಕ್ಕೆ ತಿರುಗಿ ಕೂತ್ಕೊಳ್ಳೋಕೆ ನಾನೇನು ನಾಯಿನಾ?”

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ನೆಲದಲ್ಲಿ ಗೋಡೆಗೊರಗಿ ಕೂತ ತಾಯಿ ಮಗಳ ಕಡೆ ಭುಜ ಕೊಟ್ಟಿದ್ದಾರೆ, ಮುಖ ಕೊಟ್ಟಿಲ್ಲ. ಕಣ್ಣು ಎದುರಿನ ಕಿಟಕಿಯ ಮೇಲಿದೆ. ಕೈ ಮಾತ್ರ ತನ್ನ ಪಾಡಿಗೆ ಬಟ್ಟೆಚೀಲಕ್ಕೆ ಸಾಮಾನು ತುಂಬುತ್ತಿದೆ. ಬಿಡಿಸದ ಬಟಾಣಿಕಾಯಿಯ ಪೊಟ್ಟಣ, ಒಂದು ಹಳೆಯ ದುಪ್ಪಟಿ, ಬಾಗಿಲಿನ ಕೆಳಗಿನ ಸಂದಿಗೆ ತುರುಕಲು ಸುರುಳಿ ಸುತ್ತಿದ ಗೋಣಿತಾಟು.

“ವರ್ಷಕ್ಕೊಂದ್ಸಲ ಬರೋಳು ನಾನು. ಈ ಸಲ ಬರೋದೇ ಬೇಡ ಅಂತಿದ್ದೆ. ಅಪ್ಪ ಫೋನಲ್ಲಿ ಅತ್ರು ಅಂತ ಬಂದೆ. ಒಂದು ದಿನ, ಒಂದೇ ಒಂದು ದಿನ ಮನೇಲಿರೋಕೆ ಆಗಲ್ವಾ ನಿನಗೆ?”

“ಒಪ್ಕೊಂಡಾಗಿದೆ ಪುಟ್ಟಿ.”

“ಯಾರನ್ನ ಕೇಳಿ ಒಪ್ಕೊಂಡೆ? ಅದೂ ಆ ಮನೆಗೆ!”

“ಊಟ ಮುಗಿಸಿ ನೆಂಟ್ರು ಎದ್ದುಬಿಡ್ತಾರೆ. ಮೂರು ಗಂಟೆಗೆಲ್ಲ ಬಂದ್ಬಿಡ್ತೀನಿ.”

“ಹೋದ ವರ್ಷವೂ ಇದನ್ನೇ ಒದರಿದ್ದೆ.”

ತಾಯಿ ಬಾಯಗಲಿಸಿ ನಿಧಾನವಾಗಿ ಆಕಳಿಸುತ್ತಾರೆ. ಮಗಳಿಗೆ ಮೈಯೆಲ್ಲ ಉರಿಯುತ್ತದೆ. “ನಾನಿಲ್ಲಿ ಬಾಯಿ ಬಡ್ಕೊಳ್ತಿದ್ರೆ ನೀನು ಆಕಳಿಸ್ತೀಯಾ?”

ಒಳಗಿನ ಮಂಚದಿಂದ ಅಪ್ಪನ ತೊದಲು ದನಿ ಬರುತ್ತದೆ. “ಶುರು ಹಚ್ಕೊಂಡ್ರಾ ತಾಯಿ ಮಗಳು? ನಾನು ಅರ್ಧ ಸತ್ತಿದ್ದೀನಿ ಕಣ್ರೇ. ಇನ್ನರ್ಧಾನಾದ್ರೂ ನಿದ್ದೆ ಮಾಡ್ಲಿ, ಬಿಡಿ.”

ಯಾರೂ ನಗುವುದಿಲ್ಲ. ತಾಯಿ ಚೀಲ ಹೆಗಲಿಗೇರಿಸಿ ಚಪ್ಪಲಿ ಮೆಟ್ಟುತ್ತಾರೆ. “ನೀನು ಹೋದ್ರೆ, ವಾಪಸ್ ಬಂದಾಗ ನಾನಿರಲ್ಲ” ಎಂದು ಮಗಳು ಬೆನ್ನಿಗೆ ಹೇಳುತ್ತಾಳೆ. ಆ ಮಾತು ಬೀದಿಯ ತಿರುವಿನವರೆಗೂ ತಾಯಿಯ ಬೆನ್ನಿಗೆ ಅಂಟಿಕೊಂಡೇ ಹೋಗುತ್ತದೆ.

ಆ ಆಕಳಿಕೆ ನಿದ್ದೆಯದ್ದಲ್ಲ. ಉಡಾಫೆಯದ್ದೂ ಅಲ್ಲ. ಅದು ಕಸುಬು. ಹೆದರಿದ ನಾಯಿಯ ಎದುರು ನೆಟ್ಟಗೆ ನಿಲ್ಲಬಾರದು, ಕಣ್ಣಲ್ಲಿ ಕಣ್ಣಿಡಬಾರದು, ಭುಜ ಕೊಟ್ಟು ಕೂರಬೇಕು, ನಿಧಾನವಾಗಿ ಆಕಳಿಸಬೇಕು. ಇಲ್ಲಿ ಹೆದರುವಂಥದ್ದು ಏನೂ ಇಲ್ಲ ಎಂದು ನಾಯಿಗೆ ಅದರ ಮಾತಲ್ಲೇ ಹೇಳಿದ ಹಾಗೆ. ಹನ್ನೊಂದು ವರ್ಷ ಇದನ್ನೇ ಮಾಡಿ ಮಾಡಿ ಈಕೆಗೆ ಮನುಷ್ಯರ ಕೋಪಕ್ಕೂ ಬೇರೆ ಉತ್ತರ ಬಾರದ ಹಾಗಾಗಿದೆ. ಉಳಿದ ದಿನ ಕೆಲಸ ಮಾಡುವ ಲಾಂಡ್ರಿಯ ಮಾಲೀಕ ಕೂಗಾಡಿದರೂ ಅಷ್ಟೇ, ಗಂಡ ರೇಗಿದರೂ ಅಷ್ಟೇ. ಪಕ್ಕಕ್ಕೆ ತಿರುಗುತ್ತಾರೆ, ಕೈಗೊಂದು ಕೆಲಸ ಹಚ್ಚಿಕೊಳ್ಳುತ್ತಾರೆ, ಆಕಳಿಸುತ್ತಾರೆ. ನಾಯಿಗಳು ತಣ್ಣಗಾಗುತ್ತವೆ. ಮನುಷ್ಯರು ಇನ್ನಷ್ಟು ಉರಿದು ಬೀಳುತ್ತಾರೆ.

ಬಡಾವಣೆಯವರೆಲ್ಲ ಇವರನ್ನು ಕರೆಯುವುದು ಕೋಣೆಯಮ್ಮ ಎಂದು. ರಜೆಯಲ್ಲಿ ನೆಂಟರಿಷ್ಟರು ನೆರೆಯುವ ಮನೆಗೆ ಹೋಗಿ, ಆ ಮನೆಯ ನಾಯಿಯನ್ನು ಹಿಂದಿನ ಒಂದು ಕೋಣೆಗೆ ಕರೆದುಕೊಂಡು, ಒಳಗಿನಿಂದ ಚಿಲಕ ಹಾಕಿ, ನೆಂಟರು ಹೊರಡುವ ತನಕ ಅದರ ಜೊತೆ ಕೂತಿರುವುದು ಇವರ ಕೆಲಸ. ಇಂಥದ್ದೂ ಒಂದು ಕೆಲಸವೇ ಎಂದು ನಗುವವರು ಧಾರಾಳವಾಗಿ ನಗಲಿ. ವರ್ಷವಿಡೀ ನಾಯಿಯನ್ನು ಮಗುವೆಂದು ಮುದ್ದಾಡಿ, ನೆಂಟರ ಕಾರು ಗೇಟಿಗೆ ಬಂದ ಕೂಡಲೇ ಆ ಮಗುವನ್ನು ಬಚ್ಚಲಿಗೆ ತಳ್ಳಿ ಹೊರಗಿಂದ ಚಿಲಕ ಹಾಕುವವರು ನಮ್ಮ ನಿಮ್ಮ ನಡುವೆಯೇ ಇದ್ದಾರೆ. ಹೊಸ ದನಿ, ಹೊಸ ವಾಸನೆ, ಕೂಗಾಡುವ ಮಕ್ಕಳು, ಕತ್ತಲ ಬಚ್ಚಲು. ಅದು ಬಾಗಿಲು ಕೆರೆದು ಉಗುರು ಕಿತ್ತುಕೊಂಡರೆ, ಬಾಗಿಲು ತೆರೆದವರ ಕೈಗೇ ಬಾಯಿ ಹಾಕಿದರೆ, ನಾಯಿಗೆ ಹುಚ್ಚು ಹಿಡಿದಿದೆ ಎಂಬ ತೀರ್ಪು. ಹುಚ್ಚು ಯಾರಿಗೆ ಎಂದು ಕೇಳುವವರಿಲ್ಲ.

ಕೋಣೆಯಮ್ಮ ಮೊದಲು ಒಂದು ಪ್ರಾಣಿಗಳ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದರು. “ದೊಡ್ಡ ರಜೆ ಮುಗಿದ ಮಾರನೇ ದಿನ ನೀವು ಆ ವರಾಂಡ ನೋಡಬೇಕಿತ್ತು” ಅನ್ನುತ್ತಾರೆ. “ಕಾರಲ್ಲಿ ಕೂಡಿಹಾಕಿ ಊಟಕ್ಕೆ ಹೋಗಿದ್ರಂತೆ, ಗಾಜು ಏರಿಸಿ, ಬಿಸಿಲಲ್ಲಿ. ನಾಲಿಗೆ ಹೊರಗೆ ಬಿದ್ದಿತ್ತು ಪಾಪದ್ದು, ನೀಲಿಯಾಗಿ. ಇನ್ನೊಂದು ಓಡೋ ಕಾರಿನ ಕಿಟಕಿಯಿಂದ ಹಾರಿತ್ತು. ಇನ್ನೊಂದಕ್ಕೆ ಪ್ರಯಾಣದಲ್ಲಿ ಗಲಾಟೆ ಮಾಡದಿರ್ಲಿ ಅಂತ ಮನೆ ಯಜಮಾನ ತನ್ನ ನಿದ್ದೆ ಮಾತ್ರೇನೇ ಅನ್ನದಲ್ಲಿ ಕಲಸಿ ಕೊಟ್ಟಿದ್ದ. ಅದು ಆಮೇಲೆ ಏಳಲೇ ಇಲ್ಲ. ಯಾರೂ ಕೆಟ್ಟವರಲ್ಲ ನೋಡಿ. ಎಲ್ಲರೂ ಅಳ್ತಿದ್ರು.”

ಹಾಗೆ ಅಳುತ್ತಾ ಬಂದ ಮನೆಯೊಂದರವರಿಗೆ ಆಸ್ಪತ್ರೆಯ ಡಾಕ್ಟರೇ ಹೇಳಿದ್ದು: ಮುಂದಿನ ಸಲ ನೆಂಟರು ಬಂದಾಗ ನಮ್ಮ ನೆಲ ಒರೆಸುವ ಅಮ್ಮನನ್ನು ಕರೆದುಕೊಂಡು ಹೋಗಿ, ನಾಯಿ ಪಕ್ಕ ಸುಮ್ಮನೆ ಕೂರಿಸಿ. ಚಿಕಿತ್ಸೆಗೆ ಬಂದ ನಾಯಿಗಳು ಈಕೆ ನೆಲ ಒರೆಸುವಷ್ಟು ಹೊತ್ತೂ ಬೊಗಳುವುದಿಲ್ಲ ಎಂಬುದನ್ನು ಅವರು ಗಮನಿಸಿದ್ದರು. ಒಂದು ಮನೆ ಎರಡಾಯಿತು, ಎರಡು ಹತ್ತಾಯಿತು. ಆಸ್ಪತ್ರೆ ಮುಚ್ಚಿದ ಮೇಲೆ ಕೋಣೆಯಮ್ಮ ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಕೆಲಸಕ್ಕೆ ಸೇರಿದರು. ಆದರೆ ರಜೆ ಬಂತೆಂದರೆ ಈಗಲೂ ಕೋಣೆ ಕಾಯುತ್ತಿರುತ್ತದೆ. ವರ್ಷಕ್ಕೆ ನಲವತ್ತು ದಿನ, ಕೆಲವು ಸಲ ಐವತ್ತು. ಪ್ರವಾಸ ಹೊರಟವರ ಕಾರಿನ ಹಿಂದಿನ ಸೀಟಿನಲ್ಲಿ ನಾಯಿಯ ಪಕ್ಕ ಕೂತು ಊರೂರು ಸುತ್ತಿದ್ದೂ ಉಂಟು. ಎರಡೆರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ, ನಾಯಿಯ ಕೊರಳಿಗೆ ಬೆಲ್ಟು ಹಾಕಿದ ಮೇಲೆಯೇ ಬಾಗಿಲು ತೆಗೆದು, ಅದರದೇ ಬಟ್ಟಲಲ್ಲಿ ನೀರು ಕುಡಿಸಿ, ಮತ್ತೆ ಹತ್ತಿಸುವುದು. “ಸಮುದ್ರ ನೋಡಿದ್ದೀನಿ, ಬೆಟ್ಟ ನೋಡಿದ್ದೀನಿ” ಅನ್ನುತ್ತಾರೆ. “ಎಲ್ಲಾ ಕಾರಿನ ಗಾಜಿನಿಂದ.”

ರಜೆಯ ದಿನಗಳೇ ಕೆಲಸದ ದಿನಗಳಾದವರ ಮನೆಯಲ್ಲಿ ರಜೆ ಎಂಬುದು ಹೇಗಿರುತ್ತದೆ? ಮಗಳು ಚಿಕ್ಕವಳಿದ್ದಾಗ ಪಕ್ಕದ ಮನೆಯಲ್ಲಿ ಊಟ ಮಾಡುತ್ತಿದ್ದಳು. ದೊಡ್ಡವಳಾಗಿ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆದ ಮೇಲೆ, ಸಿಗುವ ನಾಲ್ಕು ದಿನದ ರಜೆಗೆ ಬಂದರೆ ಅಮ್ಮ ಯಾರದೋ ಮನೆಯ ಸಾಮಾನಿನ ಕೋಣೆಯಲ್ಲಿ ಯಾರದೋ ನಾಯಿಗೆ ಭುಜ ಕೊಟ್ಟು ಕೂತಿರುತ್ತಿದ್ದರು.

ಈ ದಿನದ ಮನೆ ಹಲ್ಲಿನ ಡಾಕ್ಟರದ್ದು. ಎರಡು ಬೀದಿ ಆಚೆ, ಹಸಿರು ಗೇಟು. ನಾಯಿಯ ಹೆಸರು ಮೋಡ. ಬೂದು ಬಣ್ಣದ, ಕಣ್ಣು ಮುಚ್ಚುವಷ್ಟು ಜೂಲು ತುಂಬಿದ, ಕರುವಿನ ಗಾತ್ರದ ನಾಯಿ. ಗಾತ್ರ ನೋಡಿ ಮೋಸ ಹೋಗಬಾರದು, ಬಲೂನು ಒಡೆದರೆ ಮೂತ್ರ ಮಾಡಿಕೊಳ್ಳುತ್ತದೆ. ಹಿಂದೊಮ್ಮೆ ನೆಂಟರ ಹುಡುಗಿಯೊಬ್ಬಳ ಅಂಗೈಗೆ ಹಲ್ಲು ತಾಗಿಸಿದ ಮೇಲೆ ಡಾಕ್ಟರಮ್ಮ ಕೋಣೆಯಮ್ಮನಿಲ್ಲದೆ ಯಾರನ್ನೂ ಊಟಕ್ಕೆ ಕರೆಯುವುದಿಲ್ಲ.

“ಬಂದ್ರಾ? ನನ್ನ ಜೀವ ಬಂತು ನೋಡಿ” ಎಂದು ಡಾಕ್ಟರಮ್ಮ ಬೆಲ್ಟನ್ನು ಕೈಗಿಡುತ್ತಾರೆ. ಕೋಣೆಯಮ್ಮ ಮೋಡವನ್ನು ಖಾಲಿ ಬೀದಿಯಲ್ಲಿ ಎರಡು ಸುತ್ತು ನಡೆಸುತ್ತಾರೆ, ಅದರ ಹೊಟ್ಟೆ ಹಗುರಾಗುವ ತನಕ. ಆಮೇಲೆ ಕೋಣೆ. ಮಡಚಿಟ್ಟ ಕುರ್ಚಿಗಳು, ರೆಕ್ಕೆ ಮುರಿದ ಫ್ಯಾನು, ಗೋಡೆಗೆ ಒರಗಿಸಿದ ಇಸ್ತ್ರಿ ಮೇಜು, ಮೇಲೆ ಅಂಗೈಯಗಲದ ಕಿಟಕಿ. ಮೊದಲ ನೆಂಟ ಬರುವುದಕ್ಕೆ ಒಂದು ಗಂಟೆ ಮೊದಲೇ ಒಳಗೆ ಸೇರಿ, ಆ ಜಾಗ ನಾಯಿಗೂ ತನಗೂ ಒಗ್ಗುವಂತೆ ಮಾಡಿಕೊಳ್ಳಬೇಕು.

ಇವರ ಕಟ್ಟಳೆಗಳು ಎಲ್ಲ ಮನೆಯವರಿಗೂ ಬಾಯಿಪಾಠ. ಕೋಣೆಯಲ್ಲಿ ನಾಯಿಯನ್ನು ಕಟ್ಟಬಾರದು, ಕಟ್ಟಿದ ನಾಯಿ ಇನ್ನೂ ಹೆದರುತ್ತದೆ. ಬೆಲ್ಟು ಬಿಚ್ಚಿ ಮನೆಯೊಡತಿಯ ಕೈಗೆ ಕೊಡುತ್ತಾರೆ. ಫೋನು ಹೊರಗೆ. ಬೆಳಗಿನಿಂದ ನೀರು ಕುಡಿದಿರುವುದಿಲ್ಲ, ನಡುವೆ ಎದ್ದು ಹೋಗುವಂತಿಲ್ಲವಲ್ಲ. ನೆಂಟರೆಲ್ಲ ಹೋಗಿ ಗೇಟು ಹಾಕಿದ ಮೇಲೆ ಮನೆಯೊಡತಿ ಬೆಲ್ಟನ್ನು ಬಾಗಿಲ ಕೆಳಗಿಂದ ತೂರಿಸಬೇಕು. ಅದು ಬರುವ ತನಕ, ಯಾರು ಬಡಿದರೂ, ಏನು ಕೂಗಿದರೂ, ಬಾಗಿಲು ತೆರೆಯುವ ಮಾತೇ ಇಲ್ಲ.

“ಪ್ರತಿ ಮನೇಲೂ ಮಕ್ಕಳು ಬಡೀತಾವೆ. ಒಳಗೆ ನಾಯಿ ಇದೆ ಅಂತ ಗೊತ್ತಾದ್ರೆ ಸಾಕು. ದೊಡ್ಡೋರೂ ಏನು ಕಮ್ಮಿ ಇಲ್ಲ, ಒಂದ್ಸಲ ತೋರಿಸಿ, ಫೋಟೋ ತೆಗೀತೀವಿ ಅಂತಾರೆ. ನಾನು ಕಿವುಡಿ ಆಗಿಬಿಡ್ತೀನಿ.” ನಾಯಿಯನ್ನು ಮುಟ್ಟುವುದಿಲ್ಲ, ಮುದ್ದು ಮಾತೂ ಆಡುವುದಿಲ್ಲ. ಬಟಾಣಿ ಬಿಡಿಸುತ್ತಾರೆ. ಟಪ್ ಟಪ್ ಎಂದು ಒಂದೇ ಹದದಲ್ಲಿ ಕಾಳು ಬೀಳುತ್ತಿದ್ದರೆ ನಾಯಿಯ ಉಸಿರೂ ಅದಕ್ಕೆ ಹೊಂದಿಕೊಳ್ಳುತ್ತದೆ. “ಸಮಾಧಾನ ಮಾಡೋಕೆ ಹೋಗಬಾರದು. ನಾವು ಸಮಾಧಾನವಾಗಿರಬೇಕು, ಅಷ್ಟೇ. ಅದೇ ನೋಡ್ಕೊಂಡು ಕಲಿಯುತ್ತೆ.” ಇಷ್ಟು ವರ್ಷದಲ್ಲಿ ಇವರ ಕೈಯಿಂದ ಒಂದು ನಾಯಿಯೂ ತಪ್ಪಿಸಿಕೊಂಡಿಲ್ಲ. ಆ ಒಂದು ಮಾತು ಹೇಳುವಾಗ ಮಾತ್ರ ಅವರು ಎದುರಿನವರ ಮುಖ ನೋಡುತ್ತಾರೆ.

ಹೋದ ವರ್ಷದ ದೊಡ್ಡ ರಜೆಯಲ್ಲಿ ಇದೇ ಕೋಣೆ, ಇದೇ ಮೋಡ. ಅವತ್ತು ಬೆಳಿಗ್ಗೆಯೂ ಜಗಳವಾಗಿತ್ತು. “ಹನ್ನೆರಡು ಗಂಟೆಗೆ ಬರದಿದ್ರೆ ಆ ಮನೆಗೇ ಬಂದು ಎಳ್ಕೊಂಡು ಹೋಗ್ತೀನಿ, ನೋಡ್ತಿರು” ಎಂದು ಮಗಳು ಕೂಗಿದ್ದಳು. ಹನ್ನೆರಡರ ಮೇಲೆ ಅಪ್ಪ ಬಚ್ಚಲಿನಲ್ಲಿ ಕುಸಿದು ಬಾಗಿಲಿಗೆ ಅಡ್ಡವಾಗಿ ಬಿದ್ದರು. ಮಗಳು ಒಬ್ಬಳೇ ತಳ್ಳಿದರೆ ಬಾಗಿಲು ಅಂಗುಲವೂ ಜಗ್ಗಲಿಲ್ಲ. ಆಂಬುಲೆನ್ಸಿನವರು, ರಜೆ ದಿನ, ಗಾಡಿಗಳೆಲ್ಲ ಹೊರಗಿವೆ, ಕಾಯಿರಿ ಅಂದರು. ಅಕ್ಕಪಕ್ಕದ ಮನೆಗಳಿಗೆಲ್ಲ ಬೀಗ. ಅವಳು ಹಸಿರು ಗೇಟಿಗೆ ಓಡಿದಳು. ಮನೆಯವರು, ನೆಂಟರು ಎಲ್ಲ ತಾರಸಿಯ ಮೇಲೆ ಹಾಡು ಹಾಕಿಕೊಂಡಿದ್ದರು, ಕೂಗಿದ್ದು ಯಾರಿಗೂ ಕೇಳಲಿಲ್ಲ. ಅವಳು ಹಿಂಬಾಗಿಲಿನಿಂದ ನುಗ್ಗಿ ಕೋಣೆಯ ಬಾಗಿಲನ್ನು ಎರಡೂ ಕೈಯಲ್ಲಿ ಬಡಿದಳು. “ಅಮ್ಮಾ, ಬಾಗಿಲು ತೆಗಿ! ಮನೆಗೆ ಬಾ!” ಒಳಗೆ ಮೋಡ ಗಂಟಲು ಹರಿಯುವಂತೆ ಬೊಗಳುತ್ತಿತ್ತು. ಬಾಗಿಲು ತೆರೆಯಲಿಲ್ಲ. ಅಪ್ಪನನ್ನು ಒಬ್ಬರನ್ನೇ ಬಿಟ್ಟು ಬಂದಿದ್ದಳು, ನಿಲ್ಲುವಂತಿರಲಿಲ್ಲ. ಹಿಂದಕ್ಕೆ ಓಡಿದಳು. ಕೊನೆಗೆ ನೀರಿನ ಟ್ಯಾಂಕರಿನ ಇಬ್ಬರು ಬಂದು ಬಾಗಿಲು ಒಡೆದು ಎತ್ತಿದರು. ಆಸ್ಪತ್ರೆಯಲ್ಲಿ ಹೇಳಿದ್ದು ಒಂದೇ ಮಾತು: ಇನ್ನೊಂದು ಗಂಟೆ ಮೊದಲು ತಂದಿದ್ದರೆ.

ಅಪ್ಪನ ಬಲಗೈ, ಬಲಗಾಲು, ಅರ್ಧ ಬಾಯಿ ಅವತ್ತಿಗೆ ಹೋದವು. ದಿನವೂ ಅಂಥ ನೂರು ಜನರನ್ನು ನೋಡಿಕೊಳ್ಳುವ ನರ್ಸ್ ಮಗಳು ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. ನನ್ನ ಕೂಗು ನಿನಗೆ ಕೇಳಿಸಿತ್ತೋ ಇಲ್ಲವೋ?

ತಾಯಿಯ ಉತ್ತರವೂ ಒಂದೇ. “ನಾಯಿ ಬೊಗಳ್ತಿತ್ತು. ಮೇಲೆ ಹಾಡು. ಯಾರೋ ಬಡೀತಿದ್ದಾರೆ ಅಂತ ಗೊತ್ತಾಯ್ತು, ಯಾರು ಅಂತ ಗೊತ್ತಾಗ್ಲಿಲ್ಲ.”

ಮಗಳು ಅದನ್ನು ನಂಬಲಿಲ್ಲ, ನಂಬದೆಯೂ ಇರಲಿಲ್ಲ. ವರ್ಷವಿಡೀ ಅಪ್ಪನಿಗೆ ಫೋನ್ ಮಾಡಿದಳು, ಅಮ್ಮ ಎತ್ತಿದರೆ “ಅಪ್ಪನಿಗೆ ಕೊಡು” ಅಂದಳು, ಅಷ್ಟೇ. ಈ ರಜೆಗೆ ಅವಳು ಬಂದದ್ದೇ ದೊಡ್ಡದು. ಇನ್ನು ಅವಳು ಈ ಮನೆಗೆ ಬರುವವಳೋ ಅಲ್ಲವೋ ಎಂಬುದು ಈ ನಾಲ್ಕು ದಿನದಲ್ಲಿ ತೀರ್ಮಾನವಾಗುತ್ತದೆಂದು ತಾಯಿಗೂ ಗೊತ್ತು. ಗೊತ್ತಿದ್ದೂ ಇದೇ ಮನೆಗೆ ಯಾಕೆ ಒಪ್ಪಿಕೊಂಡರು? ಕೇಳಿದರೆ ಬಟಾಣಿಕಾಯಿಯ ನಾರು ಎಳೆಯುತ್ತಾ ಹೇಳುತ್ತಾರೆ: “ಈ ಮನೆಗೆ ಬರಲ್ಲ ಅಂದ್ರೆ, ಹೋದ ವರ್ಷ ನನ್ನಿಂದ ತಪ್ಪಾಯ್ತು ಅಂತ ನಾನೇ ಹೇಳಿದ ಹಾಗಾಗಲ್ವಾ?” ಇಂಥ ಮೊಂಡುತನಕ್ಕೆ ಏನೆನ್ನಬೇಕೋ.

ಒಂಬತ್ತು ಗಂಟೆಗೆ ನೆಂಟರ ಕಾರುಗಳು ಬರುತ್ತವೆ. ಬಾಗಿಲುಗಳ ಧಡಾರ್, ಅಯ್ಯೋ ಎಷ್ಟು ದಪ್ಪ ಆಗಿದ್ದೀಯ, ನೀನೇನು ಕಡ್ಡಿನಾ, ನಗು, ಮಗುವಿನ ಅಳು. ಕೋಣೆಯಲ್ಲಿ ಮೋಡದ ಮೈ ಎಲೆಯ ಹಾಗೆ ನಡುಗುತ್ತದೆ. ಕೋಣೆಯಮ್ಮ ಭುಜ ಕೊಡುತ್ತಾರೆ, ಆಕಳಿಸುತ್ತಾರೆ. ಟಪ್. ಟಪ್. ಅರ್ಧ ಪೊಟ್ಟಣ ಮುಗಿಯುವ ಹೊತ್ತಿಗೆ ನಾಯಿ ತಾನೂ ಒಮ್ಮೆ ಆಕಳಿಸಿ, ತನ್ನ ಭಾರದ ಗಲ್ಲವನ್ನು ಅವರ ಪಾದದ ಮೇಲೆ ಇಳಿಬಿಡುತ್ತದೆ. ಮಕ್ಕಳು ಬಂದು ಬಡಿಯುತ್ತಾರೆ, ಬೊಗಳಿ ಅಣಕಿಸುತ್ತಾರೆ, ಬೇಸರ ಬಂದು ಹೋಗುತ್ತಾರೆ. ಹೊರಗೆ ತಟ್ಟೆಗಳ ಸದ್ದು ಏಳುತ್ತದೆ. ಎಲ್ಲವೂ ಎಂದಿನ ಹಾಗೆಯೇ.

ಊಟದ ಗದ್ದಲದ ನಡುವೆ ಬಾಗಿಲಿಗೆ ಎರಡು ಅಂಗೈಗಳ ಬಡಿತ ಬೀಳುತ್ತದೆ. “ಅಮ್ಮಾ! ಅಮ್ಮಾ, ಬೇಗ ಬಾಗಿಲು ತೆಗಿ!”

ವಯಸ್ಸಿಗೆ ಬಂದ ಹೆಣ್ಣುಮಗಳ ದನಿ. ಕೋಣೆಯಮ್ಮನ ಕೈಯ ಬಟಾಣಿ ನೆಲದ ತುಂಬ ಉರುಳುತ್ತದೆ. ಬೆಲ್ಟು ಬಂದಿಲ್ಲ, ಫೋನು ಹೊರಗಿದೆ, ಎರಡು ಬೀದಿ ಆಚೆ ಅರ್ಧ ಮೈಯ ಗಂಡ ಮಲಗಿದ್ದಾರೆ. ಈ ಸಲ ಯೋಚಿಸುವುದೇನೂ ಇಲ್ಲ. ಎದ್ದು ಚಿಲಕ ತೆಗೆಯುತ್ತಾರೆ.

ಹೊರಗೆ ನಿಂತವಳು ನೆಂಟರ ಮನೆಯ ಹುಡುಗಿ. ತನ್ನ ಸೀರೆಗೆ ಸಾರು ಚೆಲ್ಲಿಕೊಂಡು ತೊಳೆಯಲು ಬಂದವಳು, ಇದೇ ಬಚ್ಚಲು, ಒಳಗಿರುವುದು ತನ್ನ ಅಮ್ಮ ಎಂದುಕೊಂಡು ಬಡಿದಿದ್ದಾಳೆ. ಆಕೆ “ಸಾರಿ ಆಂಟಿ” ಅನ್ನುವಷ್ಟರಲ್ಲಿ ಮೋಡ ಇಬ್ಬರ ನಡುವೆ ನುಗ್ಗಿ ಹೋಗಿಯಾಗಿದೆ.

ಅಷ್ಟಾದರೂ ನಾಯಿ ಉಳಿಯುತ್ತಿತ್ತು. ಅದು ಅಂಗಳದ ಕುಂಡಗಳ ಸಂದಿಯಲ್ಲಿ ಹೋಗಿ ನಿಂತಿತ್ತು. “ಯಾರೂ ಓಡಬೇಡಿ! ಕೂತ್ಕೊಳ್ಳಿ, ಎಲ್ಲರೂ ಕೂತ್ಕೊಳ್ಳಿ!” ಎಂದು ಕೋಣೆಯಮ್ಮ ಕೈಮುಗಿದು ಕೂಗುತ್ತಾರೆ. ಕೇಳುವವರು ಯಾರು? ಉಪಕಾರ ಮಾಡಲೇಬೇಕೆಂದು ಹೊರಟ ಐದಾರು ಗಂಡಸರು ಎಂಜಲು ಕೈಯಲ್ಲೇ ಶಿಳ್ಳೆ ಹೊಡೆಯುತ್ತಾ, ಚಪ್ಪಾಳೆ ತಟ್ಟುತ್ತಾ, ಮೋಡ ಮೋಡ ಎಂದು ಅರಚುತ್ತಾ ಮೈಮೇಲೆ ಬೀಳುತ್ತಾರೆ. ಒಬ್ಬ ಕಾರು ತೆಗೆಯಲೆಂದು ಗೇಟನ್ನು ಅಗಲ ಮಾಡುತ್ತಾನೆ. ಬೂದು ಬಣ್ಣದ್ದೊಂದು ಗೆರೆ ಬೀದಿಯ ತುದಿಯವರೆಗೆ ಕಾಣಿಸಿ ಇಲ್ಲವಾಗುತ್ತದೆ.

ಕೋಣೆಯಮ್ಮ ಬರಿಗಾಲಲ್ಲಿ ಹುಡುಕುತ್ತಾರೆ. ಮುಚ್ಚಿದ ಅಂಗಡಿಗಳ ಜಗಲಿಯಡಿ, ನಿಂತ ಲಾರಿಗಳ ಕೆಳಗೆ, ಚರಂಡಿಯ ಪಕ್ಕದ ಪೊದೆಗಳಲ್ಲಿ ಬಗ್ಗಿ ಬಗ್ಗಿ ನೋಡುತ್ತಾರೆ. ಕೂಗುವುದಿಲ್ಲ. ಹೆದರಿದ ನಾಯಿಗೆ ಯಾರು ಕರೆದರೂ ಅಟ್ಟಿಸಿಕೊಂಡು ಬಂದ ಹಾಗೇ. ಅಲ್ಲಲ್ಲಿ ನೆಲಕ್ಕೆ ಕೂತು ಕಾಯುತ್ತಾರೆ. ರಜೆಯ ದಿನ ಬೀದಿಯಲ್ಲಿ ಹಾಗೆ ಕೂತ ಹೆಂಗಸನ್ನು ನೋಡಿ ಒಬ್ಬಾತ ಎದುರಿಗೆ ಚಿಲ್ಲರೆ ಎಸೆದು ಹೋಗುತ್ತಾನೆ.

ಬಿಸಿಲು ಇಳಿದ ಮೇಲೆ ಮನೆಗೆ ಬಂದರೆ ಮಗಳು ಇದ್ದಾಳೆ. ಬೆಳಿಗ್ಗೆ ಅಂದದ್ದೆಲ್ಲ ಸಿಟ್ಟಿನ ಮಾತು. ಅಡುಗೆ ಮಾಡಿ, ಅಪ್ಪನಿಗೆ ಉಣ್ಣಿಸಿ, ತನ್ನದೂ ಅಮ್ಮನದೂ ತಟ್ಟೆ ಮುಚ್ಚಿಟ್ಟುಕೊಂಡು ಕೂತಿದ್ದಾಳೆ. ಅಮ್ಮನ ಮುಖ ನೋಡಿ ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿಕೊಳ್ಳುತ್ತದೆ.

“ಕಾಲಿಗೇನಾಯ್ತು?”

“ಗಾಜು ಚುಚ್ಚಿರಬೇಕು. ನಾಯಿ ಹೋಯ್ತು ಪುಟ್ಟಿ.”

“ಕೂತ್ಕೊ ಮೊದಲು.” ಮಗಳು ನೆಲದ ಮೇಲೆ ಕೂತು ಅಮ್ಮನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಬಿಸಿನೀರಲ್ಲಿ ತೊಳೆದು, ಚಿಮಟದಲ್ಲಿ ಚೂರು ತೆಗೆದು, ಬಟ್ಟೆ ಕಟ್ಟುತ್ತಾಳೆ. ಇಂಥ ಕೆಲಸ ಮಾಡುವಾಗ ಅವಳ ಕೈಗೆ ಸಿಟ್ಟು ಗೊತ್ತಿಲ್ಲ. “ಊಟ ಮಾಡು. ಆಮೇಲೆ ಟಾರ್ಚ್ ತಗೊಂಡು ನಾನೂ ಬರ್ತೀನಿ. ಇಬ್ಬರೂ ಹುಡುಕೋಣ.”

ಮಂಚದ ಮೇಲಿನವರು ನಗಲು ನೋಡುತ್ತಾರೆ. “ನಾನೂ ಬರ್ತಿದ್ದೆ. ಏನ್ಮಾಡ್ಲಿ, ಒಂದೇ ಚಪ್ಪಲಿ ಇರೋದು.” ಈ ಸಲ ಮಗಳಿಗೆ ನಗು ಬರುತ್ತದೆ. ಒಂದು ವರ್ಷದಿಂದ ಈ ಮನೆಯಲ್ಲಿ ಮೂವರೂ ಜಗಳವಿಲ್ಲದೆ ಒಟ್ಟಿಗೆ ಮಾತಾಡಿದ್ದು ಇದೇ ಮೊದಲು. ತಾಯಿ ತಟ್ಟೆಗೆ ಕೈ ಹಾಕುತ್ತಾರೆ.

ಆಗ ಬಾಗಿಲಲ್ಲಿ ಡಾಕ್ಟರಮ್ಮ ನಿಂತಿದ್ದಾರೆ. ಒಳಗೆ ಬನ್ನಿ ಎಂದರೆ ಬರುವುದಿಲ್ಲ. ಬೆಲ್ಟನ್ನು ಮುಷ್ಟಿಗೆ ಸುತ್ತಿಕೊಂಡಿದ್ದಾರೆ.

“ಸಿಕ್ತು. ಹೆದ್ದಾರಿ ಪಕ್ಕ. ಯಾವ ಗಾಡಿಯೋ ಏನೋ. ಮೈ ತಣ್ಣಗಾಗಿತ್ತು.”

ಮಗಳು ಪಾದ ಒರೆಸಿದ ಒದ್ದೆ ಬಟ್ಟೆಯನ್ನು ನೆಲದಿಂದ ಎತ್ತಿಕೊಂಡು ಏಳುತ್ತಾಳೆ.

“ಎಷ್ಟು ಸಲ ನೀವೇ ಹೇಳಿದ್ರಿ ನನಗೆ? ಬೆಲ್ಟ್ ಬರೋ ತನಕ ತೆಗೆಯಲ್ಲ, ತೆಗೆಯಲ್ಲ ಅಂತ. ನನ್ನ ಗಂಡ ಬಡಿದ್ರೂ ತೆಗೀಲಿಲ್ಲ ನೀವು. ಯಾವಳೋ ಬಡಿದ್ಲು ಅಂತ ಯಾಕೆ ತೆಗೆದ್ರಿ? ಹೇಳು, ಯಾಕೆ ತೆಗೆದೆ? ನಿನ್ನನ್ನ ನಂಬಿ ಬಿಟ್ಟಿದ್ದೆನಲ್ಲ!” ನೀವು ಅನ್ನುತ್ತಿದ್ದವರು ನೀನು ಅಂದದ್ದು ಅವರಿಗೇ ಅರಿವಿಲ್ಲ. ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿದೆ.

ಕೋಣೆಯಮ್ಮ ಎದ್ದು ನಿಲ್ಲುತ್ತಾರೆ. ಪಕ್ಕಕ್ಕೆ ತಿರುಗುವುದಿಲ್ಲ. ಹನ್ನೊಂದು ವರ್ಷದ ಹೆಸರು ಬಾಗಿಲಲ್ಲಿ ಬಿದ್ದು ಒದ್ದಾಡುತ್ತಿರುವಾಗ ಅವರೂ ಮನುಷ್ಯರೇ. ಬಾಯಿಗೆ ಬಂದದ್ದನ್ನು ಹೇಳುತ್ತಾರೆ.

“ನನ್ನ ಮಗಳು ಅಂದ್ಕೊಂಡೆ ಮೇಡಂ. ಅದೇ ಥರ ಬಡಿತ, ಅದೇ ಥರ ಕೂಗು. ಮನೇಲಿ ಇವರಿಗೇನೋ ಆಯ್ತು ಅಂತ ಜೀವ ಹೋಯ್ತು. ಬೇರೆ ಯಾರೇ ಆಗಿದ್ರೂ ತೆಗೀತಿರಲಿಲ್ಲ, ಆಣೆ. ಇವತ್ತು ಹೆದರಿಕೇಲಿ ಮೋಸ ಹೋದೆ, ಇಲ್ಲಾಂದ್ರೆ ನನ್ನ ಮಗಳ ದನಿ ನನಗೆ ಗೊತ್ತಾಗಲ್ವಾ? ಎಂಥಾ ಗದ್ದಲದಲ್ಲೂ ಗೊತ್ತಾಗುತ್ತೆ.”

“ಆಯ್ತು” ಅನ್ನುತ್ತಾರೆ ಡಾಕ್ಟರಮ್ಮ, ಸೋತ ದನಿಯಲ್ಲಿ. “ಇನ್ಮೇಲೆ ನಮ್ಮ ಮನೆಗೆ ಬರಬೇಡಿ. ಬರೋಕೆ ಇನ್ನೇನಿದೆ ಅಲ್ಲಿ.” ಚಪ್ಪಲಿಯ ಸದ್ದು ಗೇಟು ದಾಟುತ್ತದೆ.

ತಾಯಿ ತಿರುಗಿ ನೋಡಿದರೆ ಮಗಳು ನಿಂತಲ್ಲೇ ನಿಂತಿದ್ದಾಳೆ. ಒದ್ದೆ ಬಟ್ಟೆ ಇನ್ನೂ ಅವಳ ಕೈಯಲ್ಲಿದೆ.

“ಎಂಥಾ ಗದ್ದಲದಲ್ಲೂ ಗೊತ್ತಾಗುತ್ತಾ ಅಮ್ಮ?”

ತಾಯಿ ಪಕ್ಕಕ್ಕೆ ತಿರುಗಿ ತಟ್ಟೆಯ ಕಡೆ ನೋಡುತ್ತಾರೆ.

“ಹಾಗಾದ್ರೆ ಅವತ್ತೂ ಗೊತ್ತಾಗಿತ್ತು.” ಮಗಳ ದನಿ ಏರುವುದಿಲ್ಲ. ಏರಿದ್ದರೆ ಚೆನ್ನಾಗಿತ್ತು. “ನಾನೇ ಅಂತ ಗೊತ್ತಿತ್ತು. ಬೆಳಿಗ್ಗೆ ಹೇಳಿದ ಹಾಗೆ ಎಳ್ಕೊಂಡು ಹೋಗೋಕೆ ಬಂದಿದ್ದಾಳೆ, ಜಗಳ ಮಾಡಿ ಮಾನ ಕಳೀತಾಳೆ ಅಂತ ಸುಮ್ಮನೆ ಕೂತಿದ್ದೆ. ಅಲ್ವಾ?”

“ಪುಟ್ಟಿ...”

“ಬಟಾಣಿ ಬಿಡಿಸ್ತಾ ಕೂತಿದ್ದೆ.”

ಇಲ್ಲ ಅನ್ನಲು ಒಂದು ಮಾತು ಸಾಕಿತ್ತು. ತಾಯಿ ಆ ಸುಳ್ಳನ್ನು ಒಂದು ವರ್ಷ ಹೇಳಿದ್ದಾರೆ, ಇವತ್ತು ನಾಲಿಗೆಗೆ ಬರುವುದಿಲ್ಲ. ನಿಜವೂ ಬರುವುದಿಲ್ಲ. ಅವರು ಕೂತು ತಟ್ಟೆಯ ಅನ್ನವನ್ನು ಬೆರಳಲ್ಲಿ ಅತ್ತಿತ್ತ ಸರಿಸುತ್ತಾರೆ. ಮಂಚದ ಮೇಲಿನವರು ಕಣ್ಣು ಮುಚ್ಚಿಕೊಂಡಿದ್ದಾರೆ. ಅವರ ಒಂದು ಕಣ್ಣು ಪೂರ್ತಿ ಮುಚ್ಚುವುದಿಲ್ಲ.

ಮಗಳು ಬಟ್ಟೆಯನ್ನು ಹಿಂಡಿ ಹಗ್ಗದ ಮೇಲೆ ಹರಡುತ್ತಾಳೆ. ಕೈ ಒರೆಸಿಕೊಳ್ಳುತ್ತಾಳೆ. ಅಪ್ಪನ ದಿಂಬು ಸರಿ ಮಾಡಿ, ತಲೆಯ ಪಕ್ಕದ ಮಾತ್ರೆಯ ಡಬ್ಬಿ ತೆರೆದು ನೋಡಿ, “ನಾಳೆಗೆ ಇಲ್ಲ. ತರ್ತೀನಿ” ಅನ್ನುತ್ತಾಳೆ. ಹೆಗಲಚೀಲ ಹಾಕಿಕೊಂಡು ಹೊರಡುತ್ತಾಳೆ. ಅವಳ ಬಟ್ಟೆಯ ಪೆಟ್ಟಿಗೆ ಮಂಚದ ಕೆಳಗೇ ಇದೆ. ಅದನ್ನು ನೋಡಿಕೊಂಡೇ ತಾಯಿ ತಡೆಯುವುದಿಲ್ಲ.

ಬೀದಿದೀಪ ಹತ್ತಿದ ಸ್ವಲ್ಪ ಹೊತ್ತಿಗೆ ಎದುರು ಮನೆಯ ಬಸ್ ಡ್ರೈವರ್ ಕೆಲಸ ಮುಗಿಸಿ ಬರುವವರು ಇವರ ಬಾಗಿಲಲ್ಲಿ ನಿಂತು ಒಂದು ಕಾಗದದ ಚೀಲ ಚಾಚುತ್ತಾರೆ.

“ನಿಮ್ಮ ಮಗಳು ನಿಲ್ದಾಣದಲ್ಲಿ ಸಿಕ್ಕಿದ್ಲು ಅಕ್ಕ. ಇದನ್ನ ಮನೆಗೆ ಕೊಟ್ಬಿಡಿ ಅಂದ್ಲು.”

“ಇನ್ನೇನಾದ್ರೂ ಹೇಳಿದ್ಲಾ?”

“ಇಲ್ಲ. ಅವಳ ಬಸ್ಸು ಹೊರಡ್ತಿತ್ತು.”

ಕೋಣೆಯಮ್ಮ ಚೀಲವನ್ನು ಮಂಚದ ಮೇಲೆ ಬಗ್ಗಿಸುತ್ತಾರೆ. ಯಾವಾಗಲೂ ವಾರಕ್ಕೊಂದು ಪಟ್ಟಿ ಮಾತ್ರೆ ತರುವ ಮನೆ ಇದು. ಈಗ ದುಪ್ಪಟಿಯ ಮೇಲೆ ಬಿದ್ದಿರುವುದು ಪಟ್ಟಿಗಳಲ್ಲ, ಮಾತ್ರೆಯ ಒಡೆಯದ ಪೆಟ್ಟಿಗೆಗಳು, ಒಂದರ ಮೇಲೊಂದು.

“ತುಂಬಾ ತಂದಿದ್ದಾಳಲ್ಲೇ” ಎಂದು ಗಂಡ ಎಡಗೈಯಿಂದ ಒಂದನ್ನು ಮುಟ್ಟಿ ನೋಡುತ್ತಾರೆ. “ಮುಂದಿನ ರಜೆ ತನಕ ಆಗುತ್ತಾ?”

ಕೋಣೆಯಮ್ಮ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುತ್ತಾರೆ.

“ಅದು ದಾಟಿದ ಮೇಲೂ ಉಳಿಯುತ್ತೆ.”